ದನದ ಡಾಕ್ಟರಿಗೆ ಕಾಡಿನ ಓದು

ಕಾರ್ಕಳದ ಕಡೆ ಚಿರತೆಯೊಂದು ಬಾವಿಗೆ ಬಿದ್ದರೆ ಅರಣ್ಯ ಇಲಾಖೆಯವರು ಹಲವೊಮ್ಮೆ ನೆಚ್ಚಿಕೊಳ್ಳುವುದು ಹತ್ತಿರದ ಪಶು ಆಸ್ಪತ್ರೆಯ ವೈದ್ಯರನ್ನೇ. ಬೆಳಿಗ್ಗೆ ದನದ ಕೆಚ್ಚಲುಬಾವಿಗೆ ಮದ್ದು ಕೊಟ್ಟವರು ಮಧ್ಯಾಹ್ನ ಚಿರತೆಯ ತೂಕವನ್ನು ಕಣ್ಣಂದಾಜಿನಲ್ಲಿ ಅಳೆದು ಅರಿವಳಿಕೆಯ ಪ್ರಮಾಣವನ್ನು ನಿರ್ಧರಿಸಬೇಕಾಗುತ್ತದೆ. ಇಂಥವರಿಗೆ ವನ್ಯಜೀವಿ ವೈದ್ಯವನ್ನು ನೌಕರಿ ಬಿಡಿಸದೆ ಕಲಿಸಬೇಕು ಎಂಬುದು ಉಡುಪಿಯಲ್ಲಿ ಹುಟ್ಟಿ ಎಡಿನ್‌ಬರೊದಲ್ಲಿ ನೆಲೆಸಿರುವ ನನ್ನ ಅನಿಸಿಕೆ.

1823ರಲ್ಲಿ ಆರಂಭವಾದ ಇಲ್ಲಿನ ಪಶುವೈದ್ಯ ಶಾಲೆಯು ಪಶುವೈದ್ಯ ಪದವೀಧರರಿಗೆಂದೇ ವನ್ಯಜೀವಿಗಳ ಆರೋಗ್ಯವನ್ನು ಕುರಿತ ಸಂರಕ್ಷಣಾ ವೈದ್ಯಶಾಸ್ತ್ರದ ಸ್ನಾತಕೋತ್ತರ ಅಧ್ಯಯನವನ್ನು ಆನ್‌ಲೈನ್‌ನಲ್ಲಿ, ಅರೆಕಾಲಿಕವಾಗಿ ನಡೆಸುತ್ತದೆ. ಮೊದಲ ಹಂತಕ್ಕೆ ಸರ್ಟಿಫಿಕೇಟ್, ಎರಡನೆಯದಕ್ಕೆ ಡಿಪ್ಲೊಮಾ, ಕೊನೆಯದಕ್ಕೆ ಪದವಿ, ಸಾಕೆನಿಸಿದಲ್ಲಿ ನಿಲ್ಲಬಹುದು. ಪಶುವೈದ್ಯದಲ್ಲಿ ನಮ್ಮ ಸ್ನಾತಕೋತ್ತರ ಪದವಿಯಾದ ಎಂ.ವಿ.ಎಸ್ಸಿ. ಸಾಮಾನ್ಯವಾಗಿ ಎರಡು ವರ್ಷ ಕಾಲೇಜಿನಲ್ಲೇ ಇದ್ದು ಓದುವ ಪದವಿ. ಹಾಗೆಂದು ಇಲ್ಲಿನದನ್ನು ಇದ್ದಂತೆಯೇ ತರಬೇಕೆಂದು ನಾನು ಹೇಳುವುದಿಲ್ಲ. ಇದರ ಶುಲ್ಕ ನಮ್ಮ ತಾಲೂಕು ವೈದ್ಯರ ಕೈಗೆಟುಕುವಂಥದ್ದಲ್ಲ, ಅರಿವಳಿಕೆಯ ಬಂದೂಕು ಹಿಡಿಯುವುದನ್ನು ಪರದೆಯ ಮೇಲೆ ಕಲಿಯಲೂ ಆಗದು.

ಈ ಶಾಸ್ತ್ರದ ತಿರುಳಿರುವುದು ಒಂದೊಂದೇ ಪ್ರಾಣಿಯ ಚಿಕಿತ್ಸೆಯಲ್ಲಲ್ಲ, ಕಾಡು, ಜಾನುವಾರು, ಮನುಷ್ಯ ಮೂವರ ಕಾಯಿಲೆಯನ್ನೂ ಒಟ್ಟಾಗಿ ನೋಡುವುದರಲ್ಲಿ. 2022ರಲ್ಲಿ ಇಲ್ಲಿಗೆ ಸಮೀಪದ ಬಾಸ್ ರಾಕ್ ದ್ವೀಪದ ಗ್ಯಾನೆಟ್ ಕಡಲಹಕ್ಕಿಗಳು ಹಕ್ಕಿಜ್ವರದಿಂದ ಸಾಮೂಹಿಕವಾಗಿ ಸತ್ತಾಗ, ಸತ್ತ ಹಕ್ಕಿ ಕಂಡರೆ ತಿಳಿಸಿ ಎಂದು ಸರ್ಕಾರ ಜನರನ್ನು ಕೇಳಿಕೊಂಡಿತ್ತು. ನಮಗೆ ಇದು ಹೊಸತಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿ 1980ರ ದಶಕದಲ್ಲಿ ಬೆಳ್ತಂಗಡಿಯಲ್ಲೂ ಕಾಣಿಸಿಕೊಂಡ ಮಂಗನ ಕಾಯಿಲೆಯಿಂದಾಗಿ, ಕಾಡಂಚಿನಲ್ಲಿ ಮಂಗ ಸತ್ತರೆ ಸುದ್ದಿ ಮುಟ್ಟಿಸುವ ಪಾಠವನ್ನು ಮಲೆನಾಡು ಎಂದೋ ಕಲಿತಿದೆ. ಆದರೆ ಆ ರೋಗ ಹರಡುವ ಉಣುಗು ಬೆಳೆದು ಹೆಚ್ಚುವುದರಲ್ಲಿ ಕಾಡಿನಲ್ಲಿ ಮೇಯುವ ದನಗಳ ಪಾಲೂ ದೊಡ್ಡದು. ಸತ್ತ ಮಂಗ, ಮೇಯುವ ದನ, ತರಗೆಲೆ ಒಟ್ಟುಮಾಡಲು ಹೋಗುವ ಕೃಷಿಕ ಈ ಮೂವರನ್ನೂ ಒಂದೇ ವಾರದಲ್ಲಿ ಕಾಣಬಲ್ಲವರು ದನದ ಡಾಕ್ಟರಲ್ಲದೆ ಇನ್ನಾರು? ಇದನ್ನು ಓದಲು ಅವರಷ್ಟು ತಕ್ಕವರಿಲ್ಲ.

ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯಕ್ಕೆ ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜಿದೆ. ಅದೇ ಊರಿನಲ್ಲಿ ಪಿಲಿಕುಳದ ಮೃಗಾಲಯವೂ ಇದೆ. ಪಾಠ ಆನ್‌ಲೈನ್‌ನಲ್ಲಿ, ಕೈಕೆಲಸ ಪಿಲಿಕುಳದಲ್ಲಿ ಎಂದು ಒಂದು ವರ್ಷದ ಸರ್ಟಿಫಿಕೇಟಿನಿಂದ ಆರಂಭಿಸಬಹುದು. ಒಂದೇ ಷರತ್ತು: ಅದನ್ನು ಮುಗಿಸಿದವರನ್ನು ಮರುವರ್ಷವೇ ಕಾಡಿಲ್ಲದ ತಾಲೂಕಿಗೆ ವರ್ಗ ಮಾಡಬಾರದು.