ಸತ್ಯಾಂಶ: ಕೋವಿಡ್ ವರ್ಷ ಕಾಲೇಜ್ ಫುಟ್‌ಬಾಲ್ ಪೂರ್ತಿ ಸ್ಪ್ರಿಂಗ್‌ಗೆ ಹೋಗಿರ್ಲಿಲ್ಲ

2020ರಲ್ಲಿ ಅಮೆರಿಕದವ್ರು ಸೆಪ್ಟೆಂಬರ್ ಹೊತ್ತಿಗೆ ಶುರುವಾಗೋ ಕಾಲೇಜ್ ಫುಟ್‌ಬಾಲ್ (ಅಮೆರಿಕನ್ ಫುಟ್‌ಬಾಲ್) ಸೀಸನ್ ಪೂರ್ತಿ ಸ್ಪ್ರಿಂಗ್‌ಗೆ, ಅಂದ್ರೆ ಮುಂದಿನ ವರ್ಷದ ವಸಂತಕಾಲಕ್ಕೆ, ತಳ್ಳಿದ್ರು, ಯಾರಿಗೂ ಏನೂ ತೊಂದ್ರೆ ಆಗ್ಲಿಲ್ಲ ಅಂತ ಒಂದು ಮೆಸೇಜ್ ಫಾರ್ವರ್ಡ್ ಆಗ್ತಾ ಇದೆ. ಅದ್ರಲ್ಲಿ ಸ್ವಲ್ಪ ಮಾತ್ರ ನಿಜ.

ಆಗಿದ್ದು ಏನಂದ್ರೆ, ಆಗಸ್ಟ್ 11ಕ್ಕೆ ಬಿಗ್ ಟೆನ್, ಪ್ಯಾಕ್-12 ಅನ್ನೋ ಎರಡು ದೊಡ್ಡ ಕಾನ್ಫರೆನ್ಸ್‌ಗಳು (ಒಟ್ಟಿಗೆ ಆಡೋ ಕಾಲೇಜ್‌ಗಳ ಗುಂಪುಗಳು) ಆಟ ಮುಂದಕ್ಕೆ ಹಾಕಿ ಸ್ಪ್ರಿಂಗಲ್ಲಿ ನೋಡೋಣ ಅಂದ್ವು, ಆದ್ರೆ ಎಸ್‌ಇಸಿ, ಎಸಿಸಿ, ಬಿಗ್ 12 ಅನ್ನೋ ಬೇರೆ ಕಾನ್ಫರೆನ್ಸ್‌ಗಳು ಸೆಪ್ಟೆಂಬರಲ್ಲೇ ಶುರು ಮಾಡಿಬಿಟ್ವು, ಆ ತಿಂಗಳು ಮುಗಿಯೋದ್ರೊಳಗೆ ಮೊದಲಿನ ಎರಡೂ ತೀರ್ಮಾನ ಬದಲಾಯಿಸಿದ್ವು. ಬಿಗ್ ಟೆನ್ ಅಕ್ಟೋಬರಲ್ಲಿ, ಪ್ಯಾಕ್-12 ನವೆಂಬರಲ್ಲಿ ಆಡ್ತು. 2021ರ ಜನವರಿ 11ಕ್ಕೆ ಫೈನಲ್ಲೂ ಮುಗೀತು, ಅಲಬಾಮಾ 52-24ರಲ್ಲಿ ಓಹಾಯೊ ಸ್ಟೇಟನ್ನ ಸೋಲಿಸ್ತು. ಓಹಾಯೊ ಸ್ಟೇಟ್ ಮೊದಲು ಆಟ ಮುಂದಕ್ಕೆ ಹಾಕಿದ್ದ ಬಿಗ್ ಟೆನ್ ಟೀಮೇ, ಗಮನಿಸಿ.

ಸ್ಪ್ರಿಂಗಲ್ಲಿ ನಿಜವಾಗ್ಲೂ ಆಡಿದ್ದು ಎರಡನೇ ಹಂತದ ಎಫ್‌ಸಿಎಸ್ ಟೀಮ್‌ಗಳು. ಅವ್ರ ಫೈನಲ್ ಮೇ 16ಕ್ಕೆ ಟೆಕ್ಸಾಸ್‌ನ ಫ್ರಿಸ್ಕೋದಲ್ಲಿ, ಸ್ಯಾಮ್ ಹ್ಯೂಸ್ಟನ್ 23-21ರಲ್ಲಿ ಸೌತ್ ಡಕೋಟಾ ಸ್ಟೇಟ್ ಮೇಲೆ ಗೆಲ್ತು.

ತೊಂದ್ರೆ ಆಗ್ಲಿಲ್ಲ ಅನ್ನೋದಂತೂ ಒಪ್ಪೋಕಾಗಲ್ಲ. ಮೇ ತಿಂಗಳಲ್ಲಿ ಫೈನಲ್ ಆಡಿದ ಹುಡುಗ್ರು ನಾಲ್ಕು ತಿಂಗಳೊಳಗೆ ಮತ್ತೆ ಮುಂದಿನ ಸೀಸನ್‌ಗೆ ಇಳಿಬೇಕಾಯ್ತು, ಒಬ್ಬರ ಮೇಲೊಬ್ಬರು ಗುದ್ದಿ ಬೀಳೋ ಆಟ ಇದು, ಮೈ ಸುಧಾರಿಸ್ಕೊಳ್ಳೋಕೆ ಟೈಮ್ ಬೇಡ್ವಾ? ಜೊತೆಗೆ ಎನ್‌ಎಫ್‌ಎಲ್ ಡ್ರಾಫ್ಟ್, ಅಂದ್ರೆ ವೃತ್ತಿಪರ ಲೀಗ್‌ನ ಟೀಮ್‌ಗಳು ಕಾಲೇಜ್ ಆಟಗಾರರನ್ನ ಆರಿಸ್ಕೊಳ್ಳೋದು, ಏಪ್ರಿಲ್ ಕೊನೇಲಿ, ಸ್ಪ್ರಿಂಗ್ ಸೀಸನ್ ಮುಗಿಯೋ ಮುಂಚೆನೇ. ನಾರ್ತ್ ಡಕೋಟಾ ಸ್ಟೇಟ್‌ನ ಟ್ರೇ ಲ್ಯಾನ್ಸ್ ಅಕ್ಟೋಬರಲ್ಲಿ ಒಂದೇ ಮ್ಯಾಚ್ ಆಡಿ, ಸ್ಪ್ರಿಂಗ್ ಬಿಟ್ಟು ಡ್ರಾಫ್ಟ್‌ಗೆ ಹೋದ, ಮೂರನೇಯವನಾಗಿ ಆಯ್ಕೆನೂ ಆದ.

2021ರ ಸೆಪ್ಟೆಂಬರ್ ಹೊತ್ತಿಗೆ ಎಫ್‌ಸಿಎಸ್ ಕೂಡ ಹಳೇ ಟೈಮಿಗೇ ವಾಪಸ್ ಬಂತು.