ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ

ಅಕ್ಕನ ಮಗ ಬೆಂಗಳೂರಿಂದ ಬಂದರೆ ಒಗೆಯೋ ಬಟ್ಟೆಯ ಬ್ಯಾಗಿನ ಜೊತೆ ಒಬ್ಬ ಡಾಕ್ಟರನ್ನೂ ಕರೆದುಕೊಂಡು ಬರುತ್ತಾನೆ. ಹೆಸರು ಡಾಕ್ಟರ್ ಹೂ. ಮೊದಲ ಸಲ ಕೇಳಿದಾಗ ನಮ್ಮಮ್ಮ, "ಹೂವಿನ ಡಾಕ್ಟರಾ? ನಮ್ಮ ಮಲ್ಲಿಗೆ ಬಳ್ಳಿ ಎಲೆ ಎಲ್ಲಾ ಮುದುರಿಕೊಂಡಿದೆ, ಒಂದ್ಸಲ ತೋರಿಸ್ಬೋದಾ" ಅಂದಿದ್ದರು. ಅವನು ಗಿಡದ ಡಾಕ್ಟರೂ ಅಲ್ಲ, ಮನುಷ್ಯರ ಡಾಕ್ಟರೂ ಅಲ್ಲ, ಬೇರೆ ಗ್ರಹದ ಆಸಾಮಿ, ಎರಡು ಹೃದಯ ಇದೆ ಅಂತ ತಿಳಿದ ಮೇಲೆ ಅಮ್ಮನಿಗೆ ಅವನ ಮೇಲೆ ಕನಿಕರ ಹುಟ್ಟಿತು. "ಒಂದನ್ನ ಇಟ್ಕೊಂಡೇ ನಾನು ಇಷ್ಟು ಮಾತ್ರೆ ನುಂಗ್ತೀನಿ."

ಇದು ಇಂಗ್ಲೆಂಡಿನ ಬಿಬಿಸಿಯವರ ಟೀವಿ ಧಾರಾವಾಹಿ. ಶುರುವಾಗಿದ್ದು 1963ರ ನವೆಂಬರ್ 23ಕ್ಕೆ. ಈ ಡಾಕ್ಟರು ಒಂದು ನೀಲಿ ಪೊಲೀಸ್ ಡಬ್ಬದಲ್ಲಿ, ಅಂದರೆ ಆಗ ಅಲ್ಲಿನ ಬೀದಿಗಳಲ್ಲಿ ಪೊಲೀಸರಿಗೆ ಫೋನ್ ಮಾಡೋಕೆ ಇಡುತ್ತಿದ್ದ ಗೂಡಿನಲ್ಲಿ, ಕೂತು ಕಾಲದಲ್ಲಿ ಹಿಂದೆ ಮುಂದೆ ಓಡಾಡುತ್ತಾನೆ. ಡಬ್ಬ ಹೊರಗಿಂದ ನೋಡಿದರೆ ಬೀಡಾ ಅಂಗಡಿಯಷ್ಟು, ಒಳಗೆ ಹೋದರೆ ಛತ್ರದಷ್ಟು. ಅದು ಹೋದ ಕಡೆಯೆಲ್ಲ ಅಲ್ಲಿಗೆ ತಕ್ಕ ಹಾಗೆ ವೇಷ ಬದಲಿಸಬೇಕಂತೆ. 1963ರಲ್ಲೇ ಅದರ ಯಂತ್ರ ಕೆಟ್ಟು ಪೊಲೀಸ್ ಡಬ್ಬವಾಗಿಯೇ ನಿಂತುಬಿಟ್ಟಿದೆ. ಕಾಲವನ್ನೇ ದಾಟುವ ಬುದ್ಧಿವಂತನಿಗೆ ಅದೊಂದು ರಿಪೇರಿ ಮಾಡಿಸೋಕೆ ಇನ್ನೂ ಪುರುಸೊತ್ತಾಗಿಲ್ಲ. ನಮ್ಮ ಮನೆಯ ಬಚ್ಚಲಿನ ನಲ್ಲಿ ನೋಡಿದವನಾದ್ದರಿಂದ ಈ ವಿಷಯದಲ್ಲಿ ನಾನು ಬಾಯಿ ಬಿಡಲಿಲ್ಲ.

ಉಳಿದದ್ದಕ್ಕೆಲ್ಲ ಬಿಟ್ಟೆ. ಕಥೆಯಲ್ಲಿ ತಪ್ಪು ಹುಡುಕೋದು ನನಗೆ ಚಿಕ್ಕಂದಿನಿಂದ ಬಂದ ಚಟ. ಹೀರೋ ಮಳೆಯಲ್ಲಿ ನೆಂದು ಒಳಗೆ ಬಂದಾಗ ತಲೆ ಒಣಗಿತ್ತು ಅಂತ ಥಿಯೇಟರಿನಲ್ಲಿ ಗಟ್ಟಿಯಾಗಿ ಹೇಳಿ ಮುಂದಿನ ಸೀಟಿನವರಿಂದ ಬೈಸಿಕೊಂಡವನು ನಾನು. ಹಾಗಾಗಿ ಕಳೆದ ನವೆಂಬರಿನ ಒಂದು ಭಾನುವಾರ ಕುವೆಂಪುನಗರದ ಅಕ್ಕನ ಮನೆಯಲ್ಲಿ ಅಳಿಯ ಆ ಧಾರಾವಾಹಿಯ 50ನೇ ವರ್ಷದ ವಿಶೇಷ ಕಂತು ಹಾಕಿದಾಗ ಕಡಲೆಕಾಯಿ ಬಟ್ಟಲು ಹಿಡಿದು ಮೊದಲ ಸಾಲಲ್ಲೇ ಕೂತೆ. 'ದಿ ಡೇ ಆಫ್ ದಿ ಡಾಕ್ಟರ್' ಅಂತ ಅದರ ಹೆಸರು. 2013ರ ನವೆಂಬರ್ 23ರಂದು 94 ದೇಶಗಳಲ್ಲಿ ಒಂದೇ ಹೊತ್ತಿಗೆ ತೋರಿಸಿ ಗಿನ್ನೆಸ್ ದಾಖಲೆ ಮಾಡಿದ್ದರಂತೆ. ಕುವೆಂಪುನಗರದ ಹಾಲಿಗೆ ಬರೋಕೆ ಮಾತ್ರ ಹತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು.

ಶುರುವಾಗಿ ಸ್ವಲ್ಪ ಹೊತ್ತಿಗೇ ಪರದೆಯ ಮೇಲೆ ಮೂರು ಡಾಕ್ಟರು. ಒಬ್ಬನೇ ಮನುಷ್ಯ, ಮೂರು ವಯಸ್ಸು, ಮೂರು ಮುಖ. ಅಳಿಯ ಪಾಠ ಶುರು ಮಾಡಿದ. 1966ರಲ್ಲಿ ಮೊದಲ ಡಾಕ್ಟರ್ ಆಗಿದ್ದ ವಿಲಿಯಂ ಹಾರ್ಟ್‌ನೆಲ್‌ಗೆ ಆರೋಗ್ಯ ಕೆಟ್ಟಿತು. ಧಾರಾವಾಹಿ ನಿಲ್ಲಿಸೋಕೆ ಮನಸ್ಸಿಲ್ಲ. ಇವನು ಸಾಯೋ ಹಾಗಾದಾಗ ದೇಹ ಬದಲಾಗುತ್ತೆ ಅಂತ ಒಂದು ಕಥೆ ಕಟ್ಟಿ ಪ್ಯಾಟ್ರಿಕ್ ಟ್ರೌಟನ್‌ನನ್ನು ತಂದು ನಿಲ್ಲಿಸಿದರು. ಎಂಥ ಐಡಿಯಾ ಅಲ್ವಾ ಅಜ್ಜಿ, ಅಂದ. ಅಮ್ಮ ಕಡಲೆಕಾಯಿ ಸಿಪ್ಪೆ ಊದುತ್ತಾ, "ಇದರಲ್ಲೇನಿದೆ? ನಮ್ಮ ಸೀರಿಯಲ್ಲಲ್ಲಿ ಸೋಮವಾರ ಆಫೀಸಿಗೆ ಹೋದ ಗಂಡ ಮಂಗಳವಾರ ಬೇರೆ ಮುಖ ಹಾಕ್ಕೊಂಡು ಬರ್ತಾನೆ. ಹೆಂಡತಿ ಕಾಫಿ ಕೊಡ್ತಾಳೆ, ಅಷ್ಟೇ" ಅಂದರು.

ನನಗೆ ಸಿಕ್ಕ ಮೊದಲ ತೂತು ಲೆಕ್ಕದ್ದು. ಹತ್ತನೆಯವನು, ಹನ್ನೊಂದನೆಯವನು ಇದ್ದಾರೆ. ಅವರ ಜೊತೆಗಿರುವ ಮುದುಕ ಯಾರು? ಜಾನ್ ಹರ್ಟ್. ಅವನ ನಂಬರ್ ಎಷ್ಟು? ಅವನಿಗೆ ನಂಬರೇ ಇಲ್ಲವಂತೆ. ಒಂಬತ್ತನೆಯವನಾಗಿದ್ದ ಕ್ರಿಸ್ಟೋಫರ್ ಎಕಲ್‌ಸ್ಟನ್ ಈ ಕಂತಿಗೆ ಬರಲೊಲ್ಲೆ ಅಂದರಂತೆ. ಅದಕ್ಕೆ ಎಂಟು ಮತ್ತು ಒಂಬತ್ತರ ನಡುವೆ ಇನ್ನೊಬ್ಬನನ್ನು ತುರುಕಿದರು. ಆದರೆ ಒಬ್ಬ ಡಾಕ್ಟರು ಹನ್ನೆರಡೇ ಸಲ ದೇಹ ಬದಲಿಸಬಹುದು ಅಂತ 1976ರಲ್ಲೇ ಕಾನೂನು ಮಾಡಿಟ್ಟಿದ್ದರು. ಈಗ ಈ ಮುದುಕನನ್ನು ಸೇರಿಸಿ, ಹತ್ತನೆಯವನು ಒಂದು ಸಲ ಮುಖ ಬದಲಿಸದೇ ಖರ್ಚು ಮಾಡಿಕೊಂಡಿದ್ದನ್ನೂ ಸೇರಿಸಿದರೆ ಹನ್ನೊಂದನೆಯವನೇ ಹದಿಮೂರನೆಯವನು. ಖಾತೆ ಖಾಲಿ. ಮುಂದಿನ ತಿಂಗಳ ಕ್ರಿಸ್‌ಮಸ್ ಕಂತಿನಲ್ಲಿ ಅದನ್ನು ಬಾಯಿಬಿಟ್ಟು ಒಪ್ಪಿಕೊಂಡು, ಹೊಸದೊಂದು ಕಂತೆ ಆಯುಸ್ಸು ಕೊಡಿಸಿದರಂತೆ.

"ಇದೊಂದು ಕಥೆನಾ?" ಅಂತ ನಾನು ಗುಡುಗಿದೆ. ಭಾವ ಶಾಂತವಾಗಿ, "ನಮ್ಮನೆ ನಂಬರ್ ಎಷ್ಟು ಹೇಳು" ಅಂದರು. ಹಳೇ ನಂಬರ್ 312, ಹೊಸ ನಂಬರ್ 47, ಕಂದಾಯದ ರಸೀದಿಯಲ್ಲಿ 47/ಎ, ಕರೆಂಟ್ ಬಿಲ್ಲಿನಲ್ಲಿ ಇವ್ಯಾವುದೂ ಅಲ್ಲ. ಕೊರಿಯರ್ ಹುಡುಗ ಬಂದರೆ 'ನೀರಿನ ಟ್ಯಾಂಕ್ ಎದುರು, ಹಸಿರು ಗೇಟು' ಅನ್ನುತ್ತೇವೆ. ನಾನು ತೆಪ್ಪಗಾದೆ.

ಎರಡನೇ ತೂತು ಇನ್ನೂ ದೊಡ್ಡದು. ಯುದ್ಧ ನಿಲ್ಲಿಸೋಕೆ ತನ್ನ ಗ್ರಹವನ್ನೇ ಸುಟ್ಟೆ ಅಂತ ಈ ಡಾಕ್ಟರು ವರ್ಷಗಟ್ಟಲೆ ಅತ್ತುಕೊಂಡು ತಿರುಗಿದ್ದಾನೆ. ಈ ಕಂತಿನಲ್ಲಿ ನೋಡಿದರೆ ಸುಟ್ಟೇ ಇಲ್ಲ, ಎಲ್ಲರೂ ಸೇರಿ ಬಚ್ಚಿಟ್ಟಿದ್ದಾರೆ. ಹಾಗಾದರೆ ಅಷ್ಟು ವರ್ಷ ಅತ್ತಿದ್ದು ಯಾಕೆ? ಹಳೇ ಇಬ್ಬರಿಗೂ ಇದು ನೆನಪಿರೋಲ್ಲವಂತೆ. ಕೊನೆಯವನಿಗೆ ಮಾತ್ರ ನೆನಪು. "ಮರೆತುಹೋಯ್ತು ಅನ್ನೋದು ಒಂದು ಕಾರಣನಾ? ಕಳ್ಳರು ಪೊಲೀಸ್ ಸ್ಟೇಷನ್ನಲ್ಲಿ ಹೇಳೋ ಮಾತು ಅದು" ಅಂದೆ. ಈ ವಾಕ್ಯವನ್ನು ಅಕ್ಕ ಮನಸ್ಸಿನಲ್ಲಿ ಬರೆದಿಟ್ಟುಕೊಂಡಳು ಅಂತ ನನಗಾಗ ಗೊತ್ತಾಗಲಿಲ್ಲ.

ಆಮೇಲೆ ಬಾಗಿಲಿನ ದೃಶ್ಯ ಬಂತು. 1562ನೇ ಇಸವಿ, ಲಂಡನ್ನಿನ ಸೆರೆಮನೆ. ಮೂವರು ಡಾಕ್ಟರೂ ಒಳಗೆ. ಅವರ ಹತ್ತಿರ ಎಲ್ಲ ಬೀಗ ತೆರೆಯುವ ಒಂದು ಕಡ್ಡಿಯಂಥ ಯಂತ್ರ ಇದೆ, ಆದರೆ ಮರದ ಮೇಲೆ ಅದು ನಡೆಯೋಲ್ಲ. ಬಾಗಿಲು ಮರದ್ದು. ಮುದುಕ ತಲೆ ಓಡಿಸಿದ. ಬಾಗಿಲನ್ನು ಪುಡಿ ಮಾಡುವ ಲೆಕ್ಕವನ್ನು ನನ್ನ ಯಂತ್ರದಲ್ಲಿ ಈಗ ಶುರು ಮಾಡಿದರೆ, ನಾನೂರು ವರ್ಷ ದೊಡ್ಡವನಾದ ನಿನ್ನ ಯಂತ್ರದಲ್ಲಿ ಇಷ್ಟೊತ್ತಿಗೆ ಮುಗಿದಿರಬೇಕಲ್ವಾ? ಒಳಗಿನ ಸಾಫ್ಟ್‌ವೇರ್ ಒಂದೇ ತಾನೆ. ನೋಡಿದರೆ ನಿಜವಾಗಿಯೂ ಮುಗಿದಿದೆ! ನಾನು ಸೋಫಾದ ತುದಿಗೆ ಬಂದಿದ್ದೆ. ತೂತು ಹುಡುಕೋದನ್ನೇ ಮರೆತಿದ್ದೆ.

ಅಮ್ಮ ಮಾತ್ರ, "ಬಾಗಿಲು ಒಂದ್ಸಲ ತಳ್ಳಿ ನೋಡಬಾರದಾ?" ಅಂದರು.

ಅವರ ಬಾಯಿ ಮುಚ್ಚುವ ಮೊದಲೇ ಪರದೆಯ ಮೇಲೆ ಹುಡುಗಿಯೊಬ್ಬಳು ಹೊರಗಿಂದ ಬಾಗಿಲು ತೆಗೆದುಕೊಂಡು ಒಳಗೆ ಬಂದಳು. ಬೀಗವೇ ಹಾಕಿರಲಿಲ್ಲ. ಮೂವರು ಮೇಧಾವಿಗಳು ಮುಖ ಮುಖ ನೋಡಿಕೊಂಡರು. ನಮ್ಮ ಹಾಲಿನಲ್ಲಿ ಎಲ್ಲರೂ ನನ್ನ ಮುಖ ನೋಡಿದರು.

ಯಾಕೆ ಅಂದರೆ, ಅದು ಸರಸ್ವತಿಪುರಂನ ಹಳೇ ಮನೆಯ ಕಥೆ. ಜುಲೈ ತಿಂಗಳು. ರೈಲು ಲೇಟಾಗಿ ಮನೆ ಸೇರಿದಾಗ ರಾತ್ರಿ ಒಂದೂವರೆ. ಕರೆಂಟಿಲ್ಲ, ಹಾಗಾಗಿ ಬೆಲ್ಲಿಲ್ಲ. ಬಾಗಿಲು ತಳ್ಳಿದೆ, ಅಲ್ಲಾಡಲಿಲ್ಲ. ಅಮ್ಮ ಮಹಡಿ ಮೇಲೆ ಮಲಗಿದ್ದರು, ಮಳೆ ಸದ್ದಿಗೆ ನನ್ನ ಕೂಗು ಕೇಳಲಿಲ್ಲ. ಕಿಟಕಿಯ ಸರಳಿನೊಳಗೆ ಕೈ ಹಾಕಿ, ಛತ್ರಿಯ ಕೊಕ್ಕೆಯಿಂದ ಒಳಗಿನ ಚಿಲಕ ಎಳೆಯೋಕೆ ಅರ್ಧ ಗಂಟೆ ಒದ್ದಾಡಿದೆ. ಮೊಣಕೈ ತರಚಿತು, ಛತ್ರಿ ಕಡ್ಡಿ ಮುರಿಯಿತು. ಕೊನೆಗೆ ಜಗಲಿ ಮೇಲೆ ಬ್ಯಾಗನ್ನೇ ತಲೆದಿಂಬು ಮಾಡಿ, ಬೀದಿನಾಯಿ ಜೊತೆ ಜಾಗ ಹಂಚಿಕೊಂಡು ಮಲಗಿದೆ. ಐದು ಗಂಟೆಗೆ ಹಾಲಿನ ಹುಡುಗ ಬಂದ. ಎರಡು ಕೈಯಲ್ಲೂ ಪ್ಯಾಕೆಟ್ಟು. ಭುಜದಿಂದ ಬಾಗಿಲಿಗೆ ಒಂದು ಗುದ್ದು ಕೊಟ್ಟ. ತೆರೆಯಿತು. "ಮಳೆಗೆ ಉಬ್ಬಿಕೊಂಡಿದೆ ಸಾರ್, ಅಷ್ಟೇ. ಚಿಲಕ ಹಾಕಿಲ್ಲ" ಅಂದ. ನಾನು ಬರುತ್ತೇನೆ ಅಂತಲೇ ಅಮ್ಮ ಚಿಲಕ ಹಾಕದೆ ಮಲಗಿದ್ದರು.

ಕಂತು ಮುಗಿಯುವಾಗ ಹಳೇ ಡಾಕ್ಟರೆಲ್ಲ ಹಳೇ ಫಿಲ್ಮಿನ ತುಣುಕುಗಳಲ್ಲಿ ಬಂದು ಕೈಜೋಡಿಸುತ್ತಾರೆ. ಅಳಿಯ ಕಣ್ಣೊರೆಸಿಕೊಂಡ. ಹಳೇ ಕಂತುಗಳೆಲ್ಲ ಇಲ್ಲವೇ ಇಲ್ಲ ಗೊತ್ತಾ ಮಾವ, ಅಂದ. ಆಗ ಟೇಪು ದುಬಾರಿ. ಬಿಬಿಸಿಯವರು ಅರವತ್ತರ ದಶಕದ ಕಂತುಗಳನ್ನು ಅಳಿಸಿ ಅದೇ ಟೇಪಿನ ಮೇಲೆ ಬೇರೆ ಕಾರ್ಯಕ್ರಮ ತುಂಬಿಕೊಂಡರು. ತೊಂಬತ್ತಕ್ಕೂ ಹೆಚ್ಚು ಕಂತು ಹೋದವು.

"ಅಯ್ಯೋ, ಎಂಥ ಮುಠ್ಠಾಳರು" ಅಂದೆ. ಬಾಯಿ ಜಾರಿತ್ತು.

ಅಕ್ಕ ಏನೂ ಮಾತಾಡಲಿಲ್ಲ. ಎದ್ದು ಒಳಗೆ ಹೋಗಿ ಬೀರುವಿನಿಂದ ಒಂದು ವಿಡಿಯೋ ಕ್ಯಾಸೆಟ್ ತಂದು ಟೀಪಾಯಿ ಮೇಲಿಟ್ಟಳು.

ಅವಳ ಮದುವೆ 1995ರ ಮೇ ತಿಂಗಳಲ್ಲಿ. ಆ ಕ್ಯಾಸೆಟ್ಟಿನಲ್ಲಿ ವರಪೂಜೆ ಇದೆ, ಕಾಶಿಯಾತ್ರೆ ಇದೆ. ಧಾರೆ ಮಂಟಪದಲ್ಲಿ ಭಾವ ತಾಳಿ ಹಿಡಿದು ಬಗ್ಗುತ್ತಾರೆ. ಪುರೋಹಿತರು ಕೈ ಮೇಲೆತ್ತಿ "ಗಟ್ಟಿಮೇಳ, ಗಟ್ಟಿಮೇಳ" ಅನ್ನುತ್ತಾರೆ. ಡೋಲು ಏರುತ್ತದೆ. ತಕ್ಷಣ ವೆಂಕಟೇಶ್ ಪ್ರಸಾದ್ ಓಡಿ ಬಂದು ಆಮೀರ್ ಸೊಹೈಲ್‌ನ ಸ್ಟಂಪು ಎಗರಿಸಿ ಪೆವಿಲಿಯನ್ ಕಡೆ ಕೈ ತೋರಿಸುತ್ತಾನೆ.

1996ರ ಮಾರ್ಚ್ 9, ಬೆಂಗಳೂರಿನ ವಿಶ್ವಕಪ್ ಕ್ವಾರ್ಟರ್ ಫೈನಲ್. ನನಗೆ ಪಿಯುಸಿ ಪರೀಕ್ಷೆ ಹತ್ತಿರ, ಹಾಲಿಗೆ ಪ್ರವೇಶವಿಲ್ಲ. ಪಾಕಿಸ್ತಾನ ಬಾರಿಸುತ್ತಿದ್ದದ್ದು ನೋಡಲಾಗದೆ ಅಪ್ಪ ಎದ್ದು ಹೊರಗೆ ಹೋದರು. ನಾನು ಮೆಲ್ಲಗೆ ಬಂದೆ. ಸೊಹೈಲ್ ಆಗಷ್ಟೇ ಫೋರ್ ಹೊಡೆದು ಬ್ಯಾಟಿನಿಂದ ಬೌಂಡರಿ ತೋರಿಸುತ್ತಿದ್ದ. ಅಪ್ಪ ವಾಪಸ್ ಬಂದು ಓಡಿಸುವ ಮೊದಲು ಅಂತ ವಿಸಿಆರಿನ ರೆಕಾರ್ಡ್ ಗುಂಡಿ ಒತ್ತಿಬಿಟ್ಟೆ. ಒಳಗಿದ್ದ ಕ್ಯಾಸೆಟ್ಟನ್ನು ಹಿಂದಿನ ದಿನ ಪಕ್ಕದ ಮನೆಯವರಿಗೆ ತೋರಿಸುತ್ತಾ ಅಕ್ಕ ಸರಿಯಾಗಿ ತಾಳಿ ಕಟ್ಟುವ ಜಾಗದಲ್ಲಿ ನಿಲ್ಲಿಸಿದ್ದಳು. ಭಾರತ 39 ರನ್ನಿಂದ ಗೆದ್ದಿತು. ಅಕ್ಕ ನನ್ನ ಜೊತೆ ಆರು ತಿಂಗಳು ಮಾತು ಬಿಟ್ಟಳು.

ಖಾಲಿ ಕ್ಯಾಸೆಟ್ ಅಂದುಕೊಂಡೆ, ಗೊತ್ತಾಗಲಿಲ್ಲ. ಇಷ್ಟು ವರ್ಷ ನನ್ನ ವಾದ ಇದೇ. ಜೊತೆಗೆ ಒಂದು ಸಮಾಧಾನವನ್ನೂ ಹೇಳುತ್ತಿದ್ದೆ. "ಕ್ಯಾಸೆಟ್ ಹೋದರೆ ಹೋಗಲಿ ಬಿಡೇ. ನಾನು ಪುರೋಹಿತರ ಪಕ್ಕದಲ್ಲೇ ನಿಂತು ಕಣ್ಣಾರೆ ನೋಡಿದೀನಿ. ಭಾವನ ಕೈ ನಡುಗ್ತಿತ್ತು. ಮೂರನೇ ಗಂಟಿಗೆ ನಿನ್ನ ಕಣ್ಣಲ್ಲಿ ನೀರು." ಇದನ್ನು ಪ್ರತಿ ವರ್ಷ ಅವಳ ಮದುವೆಯ ದಿನ ಒಪ್ಪಿಸುತ್ತಿದ್ದೆ. ವರ್ಷದಿಂದ ವರ್ಷಕ್ಕೆ ವಿವರ ಜಾಸ್ತಿಯಾಗುತ್ತಿತ್ತು.

ಅಳಿಯ ಕ್ಯಾಸೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದ. ಈ ಕ್ಯಾಸೆಟ್ಟುಗಳ ಬೆನ್ನಿಗೆ ಒಂದು ಪುಟ್ಟ ಪ್ಲಾಸ್ಟಿಕ್ ಎಸಳು ಇರುತ್ತದೆ. ಅದನ್ನು ಮುರಿದರೆ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ. ಮದುವೆ ವಿಡಿಯೋದವನು ಜಾಣ, ಮುರಿದೇ ಕೊಟ್ಟಿದ್ದ. ಆ ಕುಳಿಯ ಮೇಲೆ, ಹಳದಿ ತಿರುಗಿ ಸುರುಟಿಕೊಂಡ ಒಂದು ಚೂರು ಸೆಲ್ಲೋಟೇಪ್ ಇತ್ತು.

"ಮಾವ, ಇದನ್ನ ಅಂಟಿಸಿದ್ದು ಯಾರು? ಖಾಲಿ ಕ್ಯಾಸೆಟ್ಟಿಗೆ ಯಾಕೆ ಅಂಟಿಸಬೇಕು?"

ಹಾಲಿನಲ್ಲಿ ಫ್ಯಾನಿನ ಸದ್ದು ಬಿಟ್ಟು ಬೇರೇನಿಲ್ಲ. ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋಗಿದ್ದಾಗ, ನನ್ನ ಜಾಮಿಟ್ರಿ ಬಾಕ್ಸಿನಲ್ಲಿದ್ದ ಟೇಪನ್ನು ಹಲ್ಲಿನಿಂದ ಕಚ್ಚಿ ಹರಿದಿದ್ದೆ. ಹಲ್ಲಿನ ಗುರುತೂ ಹಾಗೇ ಇತ್ತು.

ನನ್ನನ್ನು ಉಳಿಸೋಕೆ ಅಂತ ಭಾವ ಮಾತು ತಿರುಗಿಸಿದರು. ಬಿಬಿಸಿಯವರ ಕಂತು ಆಮೇಲೆ ಸಿಗಲೇ ಇಲ್ವೇನೋ? ಸಿಕ್ಕಿದವು ಅಪ್ಪ, ಅಂದ ಅಳಿಯ. ಹೊರದೇಶದ ಟೀವಿಗಳಿಗೆ ಮಾರಿದ್ದ ಪ್ರತಿಗಳು ಅಲ್ಲಲ್ಲಿ ಉಳಿದಿದ್ದವು. 2013ರಲ್ಲಿ ನೈಜೀರಿಯಾದಿಂದ ಒಂಬತ್ತು ಕಂತು ವಾಪಸ್ ಬಂದವು. ಭಾವ ಯೋಚಿಸಿದರು. "ಗಂಡಿನ ಕಡೆಯವರು ಅಂತ ನಮ್ಮ ಚಿಕ್ಕಪ್ಪನೂ ಒಬ್ಬ ವಿಡಿಯೋದವನನ್ನ ಕರೆಸಿದ್ದರು. ಮದ್ದೂರು ಕಡೆ ಊರಮನೆ ಅಟ್ಟದಲ್ಲಿ ಇದ್ದರೂ ಇರಬಹುದು."

ಮುಂದಿನ ಭಾನುವಾರವೇ ಎಲ್ಲರೂ ಹೊರಟೆವು. ಚಿಕ್ಕಮ್ಮ ಮುದ್ದೆ, ಉಪ್ಸಾರು ಬಡಿಸಿ ಏಣಿ ತೋರಿಸಿದರು. ಟ್ರಂಕಿನಲ್ಲಿ ಹಳೇ ಪಂಚಾಂಗಗಳ ಅಡಿಯಲ್ಲಿ ಕ್ಯಾಸೆಟ್ ಸಿಕ್ಕಿತು, ರೀಲಿನ ಅಂಚಿಗೆಲ್ಲ ಬಿಳೀ ಬೂಷ್ಟು. ಮೈಸೂರಿನಲ್ಲಿ ಇಂಥವನ್ನು ಪೆನ್‌ಡ್ರೈವಿಗೆ ಹಾಕಿಕೊಡುವ ಅಂಗಡಿಯವನು ಒರೆಸಿ, ಸುತ್ತಿ, ಹತ್ತು ದಿನಕ್ಕೆ ಕೊಟ್ಟ.

ಅದರಲ್ಲಿ ಎಲ್ಲವೂ ಇತ್ತು. ಭಾವನ ಕೈ ಒಂಚೂರೂ ನಡುಗಲಿಲ್ಲ. ಅಕ್ಕ ಅಳಲಿಲ್ಲ, ಸೆಖೆಗೆ ಬೆವರು ಒರೆಸಿಕೊಳ್ಳುತ್ತಿದ್ದಳು. ಪುರೋಹಿತರ ಪಕ್ಕದಲ್ಲಿ ನಿಂತಿದ್ದವರು ಭಾವನ ಸೋದರಮಾವ. ಮೂರನೇ ಗಂಟು ಬಿದ್ದ ಮೇಲೆ ಗಂಡಿನ ಕಡೆ ವಿಡಿಯೋದವನು ಕ್ಯಾಮೆರಾ ಹಾಗೇ ನಿಧಾನಕ್ಕೆ ಛತ್ರದ ಸುತ್ತ ತಿರುಗಿಸಿದ. ಅಕ್ಷತೆ ಎಸೆಯುವ ಕೈಗಳು, ನಾಗಸ್ವರದವರು, ಕಂಬಗಳು, ಅದರಾಚೆ ತೆರೆದ ಊಟದ ಹಾಲಿನ ಬಾಗಿಲು. ಅಲ್ಲಿ ಖಾಲಿ ಬೆಂಚುಗಳ ನಡುವೆ ಹದಿನಾರು ವರ್ಷದ ಹುಡುಗನೊಬ್ಬ ಒಬ್ಬನೇ ಕೂತು ಕೇಸರಿಬಾತ್ ತಿನ್ನುತ್ತಿದ್ದ.

ಅಕ್ಕ ರಿಮೋಟ್ ಒತ್ತಿ ಚಿತ್ರ ನಿಲ್ಲಿಸಿದಳು. ಅಮ್ಮ ಕನ್ನಡಕ ಸರಿಮಾಡಿಕೊಂಡು ಟೀವಿ ಹತ್ತಿರ ಹೋದರು. "ಎರಡನೇ ಪ್ಲೇಟು ಅದು. ಮೊದಲನೇದು ಪಕ್ಕದಲ್ಲೇ ಇದೆ" ಅಂದರು.

"ನೆನಪಿಲ್ಲ" ಅಂದೆ.

"ಆ ಡೈಲಾಗ್ ಆಗ್ಲೇ ಡಾಕ್ಟರ್ ಹೇಳಿ ಆಯ್ತು ಮಾವ" ಅಂದ ಅಳಿಯ.