ಧರ್ಮದ ಓಟಕ್ಕೆ ಮೊಳ ಹಾಕಿದವರು

ಬೆಂಗಳೂರಿನ ರಸ್ತೆಯ ನಟ್ಟನಡುವೆ, ಬೆನ್ನ ಹಿಂದೆ ಒಬ್ಬರೂ ಹಾರ್ನ್ ಹೊಡೆಯದಂತೆ, ಪೊಲೀಸರೇ ಬ್ಯಾರಿಕೇಡ್ ಹಾಕಿ ದಾರಿ ಬಿಡಿಸಿಕೊಡುವಂತೆ ಕಾಲ್ನಡಿಗೆಯಲ್ಲಿ ಸಾಗಬೇಕೆಂಬ ಆಸೆಯಿರುವ ನಾಗರಿಕನಿಗೆ ಸದ್ಯಕ್ಕೆ ಎರಡೇ ಮಾರ್ಗಗಳಿವೆ. ಮೊದಲನೆಯದು, ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಕರಗ ಹೊತ್ತು ಹೊರಡುವುದು. ಅದಕ್ಕೆ ಪರಂಪರೆಯ ಹಕ್ಕೂ ಕಠಿಣ ವ್ರತವೂ ಬೇಕಾಗುವುದರಿಂದ ಎಲ್ಲರಿಗೂ ದಕ್ಕುವ ಮಾತಲ್ಲ. ಎರಡನೆಯದು, ಚಳಿಗಾಲದ ಯಾವುದಾದರೊಂದು ಭಾನುವಾರ ನಸುಕಿನಲ್ಲಿ ನಡೆಯುವ ಸಹಾಯಾರ್ಥ ಓಟಕ್ಕೆ ಹೆಸರು ಕೊಟ್ಟು, ಶುಲ್ಕ ಕಟ್ಟಿ, ಎದೆಯ ಮೇಲೆ ನಾಲ್ಕು ಪಿನ್ನುಗಳಿಂದ ಬಿಬ್ ಎಂಬ ಸಂಖ್ಯೆಯ ಚೀಟಿ ಸಿಕ್ಕಿಸಿಕೊಳ್ಳುವುದು. ಇದಕ್ಕೆ ವ್ರತವೇನೂ ಬೇಡ, ಕ್ರೆಡಿಟ್ ಕಾರ್ಡ್ ಸಾಕು.

ಪಾದಚಾರಿ ಮಾರ್ಗದಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಅಗಲದ ತೆರವಾದ ಜಾಗವಿರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಆ ಅಗಲ ನಮ್ಮಲ್ಲಿಯೂ ಅನೇಕ ಕಡೆ ಇದೆ. ಅದರ ಮೇಲೆ ಒಂದು ಟ್ರಾನ್ಸ್‌ಫಾರ್ಮರ್, ಬಾಯ್ತೆರೆದ ಚರಂಡಿಯ ಪಕ್ಕದಲ್ಲಿ ಎದ್ದು ನಿಂತ ಚಪ್ಪಡಿ, ಕೇಬಲ್ಲಿನ ಸುರುಳಿ, ಯಾರದೋ ಮನೆ ಕಟ್ಟಲು ಸುರಿದ ಜಲ್ಲಿ, ಹಾಗೂ ಇವೆಲ್ಲವನ್ನೂ ಚಾಕಚಕ್ಯತೆಯಿಂದ ತಪ್ಪಿಸಿಕೊಂಡು ಸಿಗ್ನಲ್‌ವರೆಗೆ ತಲುಪುವ ಸ್ಕೂಟರುಗಳು ಹೆಚ್ಚುವರಿಯಾಗಿ ಇರುತ್ತವೆ, ಅಷ್ಟೇ. ಹೀಗಾಗಿ ಬೀದಿಯ ಕೊನೆಯ ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತರಲೂ ಆ್ಯಪ್ ಒತ್ತುವ ಗೃಹಸ್ಥರು ಶನಿವಾರ ರಾತ್ರಿ ಒಂಬತ್ತಕ್ಕೇ ಮಲಗಿ, ನಾಲ್ಕಕ್ಕೆ ಅಲಾರಂ ಇಟ್ಟು, ಓಡುವುದಕ್ಕೋಸ್ಕರ ಕಾರು ತೆಗೆಯುತ್ತಾರೆ. ಭಾನುವಾರ ಮೆಟ್ರೊ ಸಾಮಾನ್ಯವಾಗಿ ಹೊರಡುವುದೇ ಏಳು ಗಂಟೆಗೆ; ಓಟ ಅಷ್ಟರಲ್ಲಿ ಅರ್ಧ ಮುಗಿದಿರುತ್ತದೆ. ನಿಲುಗಡೆಗೆ ಜಾಗ ಹುಡುಕಿ ಸೋತು, ಕೊನೆಗೆ ಆ ಕಾರನ್ನು ಅವರು ನಿಲ್ಲಿಸುವುದು ಪಾದಚಾರಿ ಮಾರ್ಗದ ಮೇಲೆ. ಸತ್ಕಾರ್ಯಕ್ಕೆ ಬಂದವರಾದ್ದರಿಂದ ಅಂದು ಯಾರೂ ಕೇಳುವುದಿಲ್ಲ.

ಚಳಿಯ ವಿಷಯದಲ್ಲಿ ನಮ್ಮ ಊರಿನವರ ಸೂಕ್ಷ್ಮತೆ ಪ್ರಸಿದ್ಧವಾದದ್ದು. ಬೆಂಗಳೂರಿನಲ್ಲಿ ದಾಖಲಾದ ಅತ್ಯಂತ ಕಡಿಮೆ ತಾಪಮಾನ 1884ರ ಜನವರಿ 13ರಂದು ಬಿದ್ದ 7.8 ಡಿಗ್ರಿ, ಅದನ್ನು ಮುರಿಯಲು ಇಂದಿನವರೆಗೆ ಯಾವ ಚಳಿಗಾಲಕ್ಕೂ ಸಾಧ್ಯವಾಗಿಲ್ಲ. ಈಗಿನ ಡಿಸೆಂಬರಿನ ಬೆಳಗುಗಳು ಹದಿನೈದು ಹದಿನಾರರ ಆಸುಪಾಸಿನಲ್ಲಿರುತ್ತವೆ. ಓಡುವ ದೇಹಕ್ಕೆ ಇದು ತುಸು ಬೆಚ್ಚಗೆಂದೇ ಹೇಳಬೇಕು. ತೊಂದರೆ ಇರುವುದು ಓಡುವುದರಲ್ಲಲ್ಲ, ನಿಲ್ಲುವುದರಲ್ಲಿ. ತೋಳಿಲ್ಲದ ತೆಳು ಬನಿಯನ್ನಿನಲ್ಲಿ ಸಾವಿರಾರು ಜನ ಐದೂವರೆಗೇ ಬಂದು ಹಗ್ಗದ ಹಿಂದೆ ಗುಂಪುಗೂಡಿ, ಮುಖ್ಯ ಅತಿಥಿಗಳ ಕಾರು ಬರುವುದನ್ನು ಕಾಯಬೇಕು. ಮೊದಲಾದರೆ ಊರಿಗೆಲ್ಲ ಒಂದೇ ಪಾಲಿಕೆಯಿತ್ತು. 2025ರಲ್ಲಿ ಅದನ್ನು ಐದಾಗಿ ಒಡೆದ ಮೇಲೆ ವೇದಿಕೆಯ ಕುರ್ಚಿಗಳಿಗೂ ಆ ಪ್ರಮಾಣದಲ್ಲಿಯೇ ಬೇಡಿಕೆ ಹೆಚ್ಚಿದೆ.

ಅತಿಥಿಗಳು ಬಂದ ಮೇಲೆ ನಡೆಯುವ ಸನ್ಮಾನವನ್ನು ಹತ್ತಿರದಿಂದ ನೋಡಬೇಕು. ಹೊಚ್ಚಹೊಸ ಟ್ರ್ಯಾಕ್‌ಸೂಟಿನ ಮೇಲೆ ಮೈಸೂರು ಪೇಟ ಇಡುತ್ತಾರೆ. ಪೇಟ ಕಿವಿಯವರೆಗೆ ಇಳಿಯುವುದರಿಂದ ಚಳಿಗೆ ಒಳ್ಳೆಯದೇ ಆಗುತ್ತದೆ. ಅದರ ಮೇಲೆ ಗಂಧದ ಹಾರ, ಹಾರದ ಮೇಲೆ ಜರಿಯಂಚಿನ ಶಾಲು. ಹೀಗೆ ಒಂದು ಹೆಜ್ಜೆಯೂ ಓಡದವರಿಗೆಲ್ಲ ಶಾಲು ಹೊದಿಸಿ ಬೆಚ್ಚಗೆ ಕೂರಿಸಿದ ಬಳಿಕ, ಕೆಳಗೆ ಹಲ್ಲು ಕಟಕಟಿಸುತ್ತಾ ನಿಂತವರನ್ನು ಉದ್ದೇಶಿಸಿ ಆರೋಗ್ಯವೇ ಭಾಗ್ಯವೆಂಬ ಭಾಷಣವಾಗುತ್ತದೆ. ನಡುವೆ ಒಬ್ಬ ತರಬೇತುದಾರ ಧ್ವನಿವರ್ಧಕದಲ್ಲಿ ಜುಂಬಾ ಮಾಡಿಸುತ್ತಾನೆ. ಕೈ ಚಾಚಲು ಜಾಗವಿಲ್ಲದ ಆ ಸಂದಣಿಯಲ್ಲಿ ಒಬ್ಬರು ಚಾಚಿದ ಕೈ ಇನ್ನೊಬ್ಬರ ಕನ್ನಡಕಕ್ಕೆ ತಗಲುತ್ತದೆ, ಅವರು ಕ್ಷಮೆ ಕೇಳುವಷ್ಟರಲ್ಲಿ ಬಾವುಟ ಬೀಸಿಯೂ ಆಗಿರುತ್ತದೆ.

ಬಾವುಟ ಬೀಸಿದ್ದರಿಂದ ಓಟ ಆರಂಭವಾಯಿತೆಂದು ತಿಳಿಯಬಾರದು. ಮುಂದಿನವರು ಓಡಿದರು, ಅವರ ಹಿಂದಿನವರು ನಡೆದರು, ಅವರಿಗಿಂತ ಹಿಂದಿನವರು ನಿಂತೇ ಇದ್ದಾರೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನ ಅನುಭವವುಳ್ಳವರಿಗೆ ಇದರಲ್ಲಿ ಹೊಸತೇನೂ ಇಲ್ಲ. ಬಿಬ್ಬಿನ ಹಿಂದೆ ಅಂಟಿಸಿದ ಎಲೆಕ್ಟ್ರಾನಿಕ್ ಚಿಪ್ಪು ಆರಂಭದ ಗೆರೆ ದಾಟಿದ ಕ್ಷಣದಿಂದ ಮಾತ್ರ ಸಮಯ ಎಣಿಸುತ್ತದೆಯಾದ್ದರಿಂದ, ಆ ಗೆರೆ ತಲುಪಲು ಹಿಡಿದ ಕಾಲು ಗಂಟೆ ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಗೆರೆ ದಾಟಿದೊಡನೆ ಮುಂದಿನವರು ಥಟ್ಟನೆ ನಿಂತು, ಕಂಪನಿಯ ಬ್ಯಾನರ್ ಬಿಚ್ಚಿ, ಮೊಣಕಾಲೂರಿ ಗ್ರೂಪ್ ಫೋಟೊ ತೆಗೆಸಿಕೊಳ್ಳುತ್ತಾರೆ. ಸೇವಾ ಮನೋಭಾವಕ್ಕೆ ಪುರಾವೆ ಬೇಕಲ್ಲ.

ಇನ್ನು ಏರು. ಮಾರ್ಗ ಸಮತಟ್ಟಾಗಿದೆಯೆಂದು ಜಾಹೀರಾತಿನಲ್ಲಿ ಬರೆಯುವವರು ಬಹುಶಃ ಬೆಂಗಳೂರನ್ನು ಕಾರಿನ ಕಿಟಕಿಯಿಂದ ನೋಡಿದವರಿರಬೇಕು. ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಮಿಕ್ಕಿ ಎತ್ತರದಲ್ಲಿರುವ ಈ ಊರು ಒಂದು ದಿಣ್ಣೆಯ ಎರಡೂ ಮಗ್ಗುಲಿಗೆ ಹರಡಿಕೊಂಡಿದೆ. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಯ ಮೂಲಕ ಅರ್ಕಾವತಿ ಸೇರಿ ಕಾವೇರಿಗೆ ಹೋದರೆ, ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಯ ಪಾಲಾಗುತ್ತದೆ. ಮಳೆಯ ನೀರು ಎರಡೂ ಕಡೆ ಇಳಿದು ಹೋಗುವಷ್ಟು ಬುದ್ಧಿವಂತಿಕೆ ತೋರಿಸಿದೆ, ಓಡುವವರು ಹೈಗ್ರೌಂಡ್ಸ್ ಕಡೆಗೆ ಹತ್ತುತ್ತಾರೆ. ಕಬ್ಬನ್ ಪಾರ್ಕಿನ ನೆರಳಿನಲ್ಲಿ ತ್ಯಾಗ, ಸೇವೆ ಎಂದು ಹರಟುತ್ತಿದ್ದವರ ಮಾತು ಆ ಏರಿನಲ್ಲಿ ನಿಲ್ಲುತ್ತದೆ. ನೂರು ಜನ ಒಮ್ಮೆಗೇ ನಡೆಯಲಾರಂಭಿಸಿದಾಗ ಹಿಂದಿನ ಸಾವಿರ ಜನರಿಗೆ ಬೇರೆ ಆಯ್ಕೆಯಿರುವುದಿಲ್ಲ. ನಿಜವಾದ ಬೆಟ್ಟದ ಓಟವೆಂದರೆ ಕುಡಿಯುವ ನೀರಿನದು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಪಂಪಿಂಗ್ ಕೇಂದ್ರಗಳನ್ನು ದಾಟಿ, ಸುಮಾರು ನೂರು ಕಿಲೋಮೀಟರ್ ದೂರ, ಐನೂರು ಮೀಟರಿನಷ್ಟು ಎತ್ತರ ಹತ್ತಿ ಅದು ದಿನವೂ ಈ ಊರಿಗೆ ಬರುತ್ತದೆ. ಓಟಗಾರರಾದರೋ ಟಿವಿಯಲ್ಲಿ ನೋಡಿದ ಅಭ್ಯಾಸದಿಂದ, ಹದಿನೈದು ಡಿಗ್ರಿ ಚಳಿಯಲ್ಲಿಯೂ ಲೋಟದಲ್ಲಿ ಒಂದು ಗುಟುಕು ಕುಡಿದು ಉಳಿದದ್ದನ್ನು ತಲೆಗೆ ಸುರಿದುಕೊಳ್ಳುತ್ತಾರೆ. 2024ರ ಬರಗಾಲದಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದವರಿಗೆ ಜಲಮಂಡಳಿ 5000 ರೂಪಾಯಿ ದಂಡ ನಿಗದಿಪಡಿಸಿತ್ತು. ತಲೆ ತೊಳೆದವರ ಬಗ್ಗೆ ಆದೇಶ ಮೌನವಾಗಿತ್ತು.

ಓಟ ಮುಗಿದ ಮೇಲೆ ಮುಖ್ಯವಾದ ವಿವಾದ ಆರಂಭವಾಗುತ್ತದೆ. ಅಂತರರಾಷ್ಟ್ರೀಯ ಪದ್ಧತಿಯಂತೆ ಇಂಥ ಮಾರ್ಗವನ್ನು ಚಕ್ರಕ್ಕೆ ಎಣಿಕೆಯ ಯಂತ್ರ ಜೋಡಿಸಿದ ಸೈಕಲ್ಲಿನಲ್ಲಿ, ತಿರುವುಗಳ ಒಳಅಂಚಿಗೆ ಹೊಂದಿಕೊಂಡ ಅತ್ಯಂತ ಹತ್ತಿರದ ದಾರಿಯಲ್ಲಿ ಅಳೆಯುತ್ತಾರೆ. ಅಳತೆ ಎಲ್ಲಿಯೂ ಕಡಿಮೆಯಾಗದಿರಲೆಂದು ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚಾಗಿಯೇ ಇಡುತ್ತಾರೆ. ಸಂದಣಿಯಲ್ಲಿ ಎಡಕ್ಕೂ ಬಲಕ್ಕೂ ಸುತ್ತಿ ಬಂದವರ ಕೈಗಡಿಯಾರ ಸಹಜವಾಗಿಯೇ ಹತ್ತು ಕಿಲೋಮೀಟರಿಗಿಂತ ಹೆಚ್ಚು ತೋರಿಸುತ್ತದೆ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ಗಾದೆಯನ್ನು ಇವರು ತಿರುಗಿಸಿ ಸಾರ್ಥಕಗೊಳಿಸಿದ್ದಾರೆ: ತಾವೇ ಧರ್ಮ ಮಾಡಲು ಹೊರಟು, ಮುನ್ನೂರು ಮೀಟರ್ ಹೆಚ್ಚು ಓಡಿಸಿದಿರೆಂದು ಆಯೋಜಕರ ಮೇಲೆ ಇಮೇಲ್ ದಾಳಿ ನಡೆಸುತ್ತಾರೆ. ಕಟ್ಟಿದ ಶುಲ್ಕದಲ್ಲಿ ಅನಾಥಾಲಯಕ್ಕೆ ತಲುಪಿದ್ದೆಷ್ಟು, ಟೀಶರ್ಟಿಗೆ, ಪದಕಕ್ಕೆ, ವೇದಿಕೆಗೆ, ಡ್ರೋನಿಗೆ, ಶಾಲಿಗೆ ಹೋದದ್ದೆಷ್ಟು ಎಂದು ಮೊಳ ಹಾಕಿ ಕೇಳಿದ ಇಮೇಲು ಮಾತ್ರ ಅಪರೂಪ. ಹಾದಿಯನ್ನು ಅಳೆಯಲು ಸೈಕಲ್ಲಿದೆ, ದೇಣಿಗೆಯನ್ನು ಅಳೆಯಲು ಯಾವ ಚಕ್ರವನ್ನೂ ಯಾರೂ ಉರುಳಿಸಿಲ್ಲ.

ಈ ವಿಷಯದಲ್ಲಿ ಸರ್ಕಾರವೇ ಒಮ್ಮೆ ಅನುಮಾನ ಪಟ್ಟಿತ್ತೆಂಬುದನ್ನು ನೆನೆಯಬೇಕು. ಸರ್ಕಾರಗಳಿಗೆ ಇಂಥ ಸೂಕ್ಷ್ಮದೃಷ್ಟಿ ಬರುವುದು ವಿರಳ. ಕಂಪನಿಗಳ ಕಾಯ್ದೆ 2013ರ 135ನೆಯ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡ ಎರಡರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು. ಮ್ಯಾರಥಾನಿನಂಥ ಒಂದು ದಿನದ ಕಾರ್ಯಕ್ರಮಗಳ ಖರ್ಚನ್ನು ಈ ಬಾಬ್ತಿಗೆ ಸೇರಿಸುವಂತಿಲ್ಲವೆಂದು ಕಂಪನಿ ವ್ಯವಹಾರಗಳ ಸಚಿವಾಲಯ 2014ರ ಜೂನ್ ತಿಂಗಳಲ್ಲೇ ಸುತ್ತೋಲೆ ಹೊರಡಿಸಿತು. ಅಂದರೆ ಓಟವು ಸೇವೆಯಲ್ಲವೆಂದು ದೆಹಲಿಗೆ ಗೊತ್ತಿದೆ, ಕಂಪನಿಗಳ ಲೆಕ್ಕಪತ್ರ ವಿಭಾಗಕ್ಕೆ ಗೊತ್ತಿದೆ. ಗೊತ್ತಿಲ್ಲದಿರುವುದು ಬನಿಯನ್ನಿನ ಬೆನ್ನ ಮೇಲೆ ಅಚ್ಚು ಹಾಕಿಸಿದ ಘೋಷಣೆಗೆ ಮಾತ್ರ.

ಎಂಟೂವರೆಯ ಹೊತ್ತಿಗೆ ರಸ್ತೆಯ ಮೇಲೆ ಉಳಿಯುವುದು ತುಳಿದ ಕಾಗದದ ಲೋಟಗಳು, ಬಾಳೆಹಣ್ಣಿನ ಸಿಪ್ಪೆ, ಎನರ್ಜಿ ಜೆಲ್ಲಿನ ಅಂಟು ಪೊಟ್ಟಣಗಳು. ಸಿಪ್ಪೆಯನ್ನು ಹಸಿ ಕಸಕ್ಕೆ, ಪೊಟ್ಟಣವನ್ನು ಒಣ ಕಸಕ್ಕೆ ಬೇರ್ಪಡಿಸುತ್ತಾ ಆ ಇಡೀ ಹಾದಿಯನ್ನು ಪೊರಕೆ ಹಿಡಿದು ಕ್ರಮಿಸುವ ಪೌರಕಾರ್ಮಿಕ ಮಹಿಳೆಯರಿಗೆ ಚಿಪ್ಪು ಇರುವುದಿಲ್ಲವಾದ್ದರಿಂದ ಅವರ ಸಮಯ ದಾಖಲಾಗುವುದಿಲ್ಲ.

ಆದರೂ ಇಂಥ ಓಟಗಳಿಂದ ಊರಿಗೆ ಪ್ರಯೋಜನವಿಲ್ಲವೆನ್ನುವಂತಿಲ್ಲ. ಓಟದ ಹಿಂದಿನ ವಾರ ಆ ಮಾರ್ಗದ ಗುಂಡಿಗಳು ಮುಚ್ಚುತ್ತವೆ, ಉಬ್ಬುಗಳಿಗೆ ಬಿಳಿ ಪಟ್ಟೆ ಬೀಳುತ್ತದೆ, ವರ್ಷದಿಂದ ಆರಿದ್ದ ಬೀದಿದೀಪ ಉರಿಯುತ್ತದೆ. ಇದನ್ನು ಗಮನಿಸಿದ ಒಂದು ಬಡಾವಣೆಯ ನಿವಾಸಿಗಳ ಸಂಘದವರು, ಮುಂದಿನ ಸಲ ತಮ್ಮ ಮುಖ್ಯರಸ್ತೆಯ ಮೇಲೂ ಓಟ ಹಾಯಲೆಂದು ಆಯೋಜಕರಿಗೆ ಮನವಿ ಕೊಟ್ಟರು. ರಸ್ತೆಯಲ್ಲಿ ಗುಂಡಿಗಳಿರುವುದರಿಂದ ಓಟಗಾರರ ಸುರಕ್ಷತೆಯ ದೃಷ್ಟಿಯಿಂದ ಸಾಧ್ಯವಿಲ್ಲವೆಂಬ ಉತ್ತರ ಬಂತು. ಗುಂಡಿ ಮುಚ್ಚಿಸಲೆಂದು ಪಾಲಿಕೆಯ ಇಂಜಿನಿಯರ್ ಬಳಿ ಹೋದರೆ, ಓಟ ಈ ರಸ್ತೆಯಲ್ಲಿ ಹಾಯುವುದೆಂದು ಆಯೋಜಕರಿಂದ ಒಂದು ಪತ್ರ ತನ್ನಿ, ರಾತ್ರೋರಾತ್ರಿ ಡಾಂಬರು ಹಾಕಿಸೋಣ ಎಂದು ಅವರು ಸಹಾನುಭೂತಿಯಿಂದಲೇ ಹೇಳಿದರು. ಬೇರೆ ದಾರಿ ಕಾಣದೆ ಸಂಘದವರು ಈಗ ತಾವೇ ನಾನೂರು ಮೀಟರಿನ ಓಟವೊಂದನ್ನು ಏರ್ಪಡಿಸಿದ್ದಾರೆ. ಯಾರ ಸಹಾಯಾರ್ಥ ಎಂದು ಕೇಳುವ ಕಡೆ ಮುಖ್ಯರಸ್ತೆಯ ಹೆಸರನ್ನೇ ಬರೆದಿದ್ದಾರೆ, ಮತ್ತು ಮುಖ್ಯ ಅತಿಥಿಯಾಗಿ ಬರಲು ಆ ಇಂಜಿನಿಯರ್ ಒಪ್ಪಿದ್ದಾರೆ. ಶಾಲು ಚಿಕ್ಕಪೇಟೆಯಿಂದ ತಂದಾಗಿದೆ.